ಕೈಯೊಡ್ಡಿದವರ ಮುಂದೆ ಸಂತ ವಿನ್ಸೆಂಟ್ ದೆ ಪಾಲ್



ಭಾನುವಾರದ ಬಲಿಪೂಜೆ ಮುಗಿಸಿ ನಾವು ದೇವಾಲಯದ ಮೆಟ್ಟಿಲಿಳಿಯುವಾಗ ಕೆಳಗೆ ಯಾರಾದರೊಬ್ಬರು ಕೈಯೊಡ್ಡಿ ಕುಳಿತಿರುತ್ತಾರೆ. ನಮ್ಮ ಧರ್ಮಕ್ಷೇತ್ರದಲ್ಲಿ ಪೂಜೆಗೆ ಒಂದೊಂದು ಭಾಷೆಗೆ ಒಂದೊಂದು ಹೊತ್ತು ಇದೆ. ಮೆಟ್ಟಿಲಲ್ಲಿ ಕುಳಿತವರಿಗೆ ಎಲ್ಲ ಹೊತ್ತೂ ಒಂದೇ. ಅವರನ್ನು ಕಂಡಾಗ ನಮ್ಮ ಕೈ ಜೇಬಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಕೊಟ್ಟರೆ ಕುಡಿತಕ್ಕೆ ಹೋದೀತೇ? ಕೊಡದೆ ಹೋದರೆ, ಈಗ ತಾನೇ ಪರಮಪ್ರಸಾದ ಸ್ವೀಕರಿಸಿ ಬಂದ ನಾವು ಯಾರನ್ನು ದಾಟಿ ಹೋದಂತಾಯಿತು? ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತು ನಡೆದ ಒಬ್ಬ ಸಂತರಿದ್ದಾರೆ. ಸೆಪ್ಟೆಂಬರ್ 27ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಅವರು ಸಂತ ವಿನ್ಸೆಂಟ್ ದೆ ಪಾಲ್. ಅವರ ಹೆಸರಿನ ಸಭೆ ಹಲವಾರು ಧರ್ಮಕೇಂದ್ರಗಳಲ್ಲಿದೆ. ಅವರ ಬಾಳಿನ ಕಥೆ ಮಾತ್ರ ನಮ್ಮಲ್ಲಿ ಹಲವರಿಗೆ ಅಷ್ಟಾಗಿ ತಿಳಿದಿಲ್ಲ.

ವಿನ್ಸೆಂಟರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸ್ ದೇಶದ ನೈಋತ್ಯ ಮೂಲೆಯಲ್ಲಿ, ಡಾಕ್ಸ್ ಪಟ್ಟಣದ ಬಳಿಯ ಪುಯಿ ಎಂಬ ಹಳ್ಳಿಯಲ್ಲಿ. ಆ ಹಳ್ಳಿಗೆ ಇಂದು ಅವರ ಹೆಸರನ್ನೇ ಇಟ್ಟಿದ್ದಾರೆ. ತಂದೆ ಜಾನ್, ತಾಯಿ ಬೆರ್ತ್ರಾಂದ್, ಆರು ಮಕ್ಕಳು. ಸ್ವಲ್ಪ ಹೊಲ, ಸ್ವಲ್ಪ ದನಕರು, ದುಡಿದರೆ ಊಟ. ವಿನ್ಸೆಂಟ್ ಚಿಕ್ಕಂದಿನಲ್ಲಿ ಕುರಿ, ಹಂದಿಗಳನ್ನು ಮೇಯಿಸುತ್ತಿದ್ದ ಹುಡುಗ. ಅವನ ಬುದ್ಧಿ ಚುರುಕಾಗಿರುವುದನ್ನು ಕಂಡ ತಂದೆ ಡಾಕ್ಸಿನ ಫ್ರಾನ್ಸಿಸ್ಕನ್ ಗುರುಗಳ ಬಳಿ ಓದಲು ಬಿಟ್ಟರು. ಮುಂದೆ ತುಲೂಸ್ ನಗರದಲ್ಲಿ ದೈವಶಾಸ್ತ್ರ ಕಲಿಯಲು ಹಣ ಬೇಕಾದಾಗ ಒಂದು ಜೊತೆ ಎತ್ತುಗಳನ್ನು ಮಾರಿದರು. ರೈತನ ಮನೆಯಲ್ಲಿ ಎತ್ತು ಮಾರುವುದೆಂದರೆ ಏನೆಂದು ನಮಗೆ ಹೇಳಬೇಕಾಗಿಲ್ಲ.

ಆ ಶಾಲೆಯ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ವಿನ್ಸೆಂಟರು ಮುಪ್ಪಿನಲ್ಲಿಯೂ ಮರೆಯಲಿಲ್ಲ. ಒಮ್ಮೆ ತಂದೆ ಮಗನನ್ನು ನೋಡಲು ಶಾಲೆಗೆ ಬಂದರು. ಅವರ ಬಟ್ಟೆ ಹಳೆಯದು, ಕಾಲು ಕುಂಟು. ಓದಿದವರ ಮಕ್ಕಳ ನಡುವೆ ಇದ್ದ ಹುಡುಗನಿಗೆ ನಾಚಿಕೆಯಾಯಿತು. ಹೊರಗೆ ಬಂದು ತಂದೆಯನ್ನು ಮಾತನಾಡಿಸಲಿಲ್ಲ. ತನಗಾಗಿ ದುಡಿದ ಬಡವನೊಬ್ಬನನ್ನು ತಾನೇ ಬಾಗಿಲಲ್ಲಿ ನಿಲ್ಲಿಸಿಬಿಟ್ಟೆನಲ್ಲ ಎಂಬ ನೋವನ್ನು ಅವರು ತಮ್ಮ ಜೊತೆಯವರ ಮುಂದೆ ಕಣ್ಣೀರಿನೊಂದಿಗೆ ಒಪ್ಪಿಕೊಳ್ಳುತ್ತಿದ್ದರು. ಬಡವರಿಗಾಗಿ ಬಾಳಿದ ಈ ಸಂತರು ಬಡವರನ್ನು ಕಂಡು ಕರಗುವ ಮನಸ್ಸಿನಿಂದಲೇ ಹೊರಟವರಲ್ಲ. ಬಡತನದಿಂದ ಓಡಿಹೋಗಲು ಯತ್ನಿಸಿದವರು ಅವರು.

1600ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಅವರಿಗೆ ಯಾಜಕದೀಕ್ಷೆಯಾಯಿತು. ವಯಸ್ಸು ಇನ್ನೂ ಹತ್ತೊಂಬತ್ತು. ಆಗ ಅವರ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯ ವರಮಾನದ ಒಂದು ಹುದ್ದೆ, ಮನೆಯವರಿಗೆ ಒಂದಿಷ್ಟು ನೆರವು, ಆಮೇಲೆ ಊರಿನಲ್ಲಿ ನೆಮ್ಮದಿಯ ಬದುಕು. ಅದನ್ನೇ ಅರಸುತ್ತ 1608ರಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿ ತಮ್ಮ ಕಡೆಯ ಒಬ್ಬ ನ್ಯಾಯಾಧೀಶರ ಜೊತೆ ಒಂದೇ ಕೋಣೆಯಲ್ಲಿದ್ದರು. ಒಂದು ದಿನ ವಿನ್ಸೆಂಟರು ಕಾಯಿಲೆಯಿಂದ ಮಲಗಿದ್ದಾಗ ಔಷಧದ ಅಂಗಡಿಯ ಹುಡುಗ ಬಂದವನು ನ್ಯಾಯಾಧೀಶರ ಹಣ ಕದ್ದು ಹೋದ. ಆರೋಪ ವಿನ್ಸೆಂಟರ ಮೇಲೆ ಬಿತ್ತು. ಆ ಮನುಷ್ಯ ಹೋದಲ್ಲೆಲ್ಲ ಅವರನ್ನು ಕಳ್ಳನೆಂದ. ವಿನ್ಸೆಂಟರು ದೇವರಿಗೆ ಸತ್ಯ ಗೊತ್ತಿದೆ ಎಂದಷ್ಟೇ ಹೇಳಿ ಸುಮ್ಮನಿದ್ದರು. ವರ್ಷಗಳು ಕಳೆದ ಮೇಲೆ ನಿಜವಾದ ಕಳ್ಳ ಒಪ್ಪಿಕೊಂಡ. ಬಡವನನ್ನು ಕಂಡೊಡನೆ ಜಗತ್ತು ಎಷ್ಟು ಬೇಗ ಸಂಶಯ ಪಡುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಪ್ಯಾರಿಸ್ ಸಮೀಪದ ಕ್ಲಿಶಿ ಎಂಬ ಹಳ್ಳಿಯಲ್ಲಿ ಅವರು ಧರ್ಮಕೇಂದ್ರದ ಗುರುಗಳಾದರು. ಬಳಿಕ ಗೊಂದಿ ಎಂಬ ದೊಡ್ಡ ಮನೆತನದಲ್ಲಿ ಮಕ್ಕಳ ಶಿಕ್ಷಕರಾದರು. 1617ರ ಜನವರಿಯಲ್ಲಿ ಆ ಮನೆತನದ ಜಮೀನಿನ ಹಳ್ಳಿಯೊಂದರಲ್ಲಿ ಸಾಯುತ್ತಿದ್ದ ಒಬ್ಬ ರೈತನ ಪಾಪನಿವೇದನೆ ಕೇಳಿದಾಗ, ಹಳ್ಳಿಯ ಬಡಜನ ಆತ್ಮದ ವಿಷಯದಲ್ಲೂ ಎಷ್ಟು ಅನಾಥರಾಗಿದ್ದಾರೆಂದು ಅವರಿಗೆ ಅರಿವಾಯಿತು. ಅದೇ ವರ್ಷ ಅವರು ಗೊಂದಿ ಮನೆಯನ್ನು ಬಿಟ್ಟು ಶಾತಿಯೋಂ ಎಂಬ ಸಣ್ಣ ಪಟ್ಟಣದ ಧರ್ಮಕೇಂದ್ರಕ್ಕೆ ಹೋದರು. ಅವರ ಬಾಳಿನ ದಿಕ್ಕು ತಿರುಗಿದ್ದು ಅಲ್ಲಿ.

ಆಗಸ್ಟ್ ತಿಂಗಳ ಒಂದು ಭಾನುವಾರ. ಪೂಜೆಯ ವಸ್ತ್ರ ತೊಡುತ್ತಿದ್ದಾಗ ಒಬ್ಬ ಹೆಂಗಸು ಬಂದು, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂದು ತಿಳಿಸಿದಳು. ವಿನ್ಸೆಂಟರು ಪ್ರವಚನದಲ್ಲಿ ಆ ಮಾತನ್ನು ಜನರ ಮುಂದಿಟ್ಟರು. ಮಧ್ಯಾಹ್ನದ ಮೇಲೆ ತಾವೂ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಹೆಂಗಸರು ಹೋಗುತ್ತ ಬರುತ್ತ ಇರುವುದನ್ನು ಕಂಡರು. ಬಿಸಿಲಿಗೆ ದಣಿದು ಕೆಲವರು ದಾರಿಯ ಬದಿಯಲ್ಲಿ ಕುಳಿತಿದ್ದರು. ಕೈಯಲ್ಲಿ ರೊಟ್ಟಿ, ಮಾಂಸ, ಬುಟ್ಟಿಗಳು. ಬೇರೆ ಯಾರಾಗಿದ್ದರೂ ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ವಿನ್ಸೆಂಟರಿಗೆ ಸಂತೋಷದ ಜೊತೆಗೆ ಒಂದು ಚಿಂತೆಯೂ ಹುಟ್ಟಿತು. ಇಂದು ಬಂದ ಊಟ ಹೆಚ್ಚಾಗಿ ಹಳಸುತ್ತದೆ. ಕೆಲವೇ ದಿನ ಕಳೆದರೆ ಆ ಮನೆಯವರು ಮತ್ತೆ ಹಸಿದಿರುತ್ತಾರೆ. ಜನರಲ್ಲಿ ದಯೆಗೆ ಕೊರತೆಯಿರಲಿಲ್ಲ, ಅದಕ್ಕೊಂದು ಕ್ರಮವಿರಲಿಲ್ಲ.

ಮೂರೇ ದಿನದಲ್ಲಿ ಅವರು ಕೆಲವು ಹೆಂಗಸರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿ ಹಾಕಿದರು. ಡಿಸೆಂಬರ್ 8ರಂದು ಅದು ಒಂದು ದಯಾಸೇವಾ ಸಂಘವಾಯಿತು. ಆ ಸಂಘಕ್ಕೆ ಅವರು ಬರೆದುಕೊಟ್ಟ ನಿಯಮ ತಾಯಿಯೊಬ್ಬಳು ಮಗಳಿಗೆ ಹೇಳಿಕೊಟ್ಟಂತಿದೆ. ಕಾಯಿಲೆಯವರ ಬಳಿ ಹೋದಾಗ ನಗುಮುಖದಿಂದ ನಮಸ್ಕರಿಸಬೇಕು, ಮಂಚದ ಮೇಲೆ ಬಟ್ಟೆ ಹಾಸಿ ಊಟ ಇಡಬೇಕು, ಮಾಂಸವನ್ನು ತುಂಡುಮಾಡಿ ಕೊಡಬೇಕು. ಮನೆಯಲ್ಲಿ ಜನರಿರುವ ಕಾಯಿಲೆಯವರನ್ನು ಮೊದಲು ನೋಡಿ, ಯಾರೂ ಇಲ್ಲದವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಹಾಗಾದರೆ ಅವರ ಜೊತೆ ಹೆಚ್ಚು ಹೊತ್ತು ಇರಬಹುದು. ಅನ್ನದಷ್ಟೇ ಜೊತೆಯೂ ಬಡವರಿಗೆ ಬೇಕೆಂದು ಅವರಿಗೆ ಗೊತ್ತಿತ್ತು.

ಕಾಯಿಲೆಯವರ ಮನೆಗೆ ಹೋಗುವುದು ಒಂದು ಮಾತು. ಬೀದಿಯಲ್ಲಿ ಬೇಡುವವರ ಪ್ರಶ್ನೆ ಇನ್ನೂ ಕಷ್ಟದ್ದು. ಅದು ಅವರಿಗೆ ಎದುರಾದದ್ದು 1621ರಲ್ಲಿ, ಮಾಕೋಂ ಎಂಬ ಪಟ್ಟಣದಲ್ಲಿ. ದಾರಿಯಲ್ಲಿ ಹಾದುಹೋಗುತ್ತಿದ್ದ ವಿನ್ಸೆಂಟರನ್ನು ಭಿಕ್ಷುಕರ ಗುಂಪು ಮುತ್ತಿಕೊಂಡಿತು. ಬೀದಿಗಳಲ್ಲಿ, ದೇವಾಲಯದ ಬಾಗಿಲುಗಳಲ್ಲಿ ಎಲ್ಲೆಲ್ಲೂ ಅವರೇ. ಊರಿನವರಿಗೆ ಅವರ ಮೇಲೆ ಭಯವೂ ಬೇಸರವೂ ಇತ್ತು. ವಿನ್ಸೆಂಟರು ಪ್ರಯಾಣ ನಿಲ್ಲಿಸಿ ಅಲ್ಲೇ ಉಳಿದರು. ಈ ಪರಸ್ಥಳದ ಗುರು ಏನು ಮಾಡಿಯಾನು ಎಂದು ಜನ ಬೀದಿಯಲ್ಲಿ ಬೆರಳು ತೋರಿಸಿ ನಕ್ಕರು.

ಅವರು ಮೊದಲು ಮಾಡಿದ್ದು ಬಡವರ ಪಟ್ಟಿ. ಯಾರು, ಎಲ್ಲಿರುತ್ತಾರೆ, ಏನು ಕೊರತೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಸುಮಾರು 300 ಜನ ಆ ಪಟ್ಟಿಯಲ್ಲಿ ಬಂದರು. ದುಡಿಯಲಾಗದವರಿಗೆ ಭಾನುವಾರಗಳಂದು ಬೇಕಾದಷ್ಟು ಕೊಡುವುದೆಂದಾಯಿತು. ದುಡಿದರೂ ಸಾಲದವರಿಗೆ ಎಷ್ಟು ಸಾಲದೋ ಅಷ್ಟು. ದಾರಿಹೋಕರಿಗೆ ಒಂದು ರಾತ್ರಿಯ ತಂಗುವಿಕೆ, ಬೆಳಿಗ್ಗೆ ಹೊರಡುವಾಗ ಎರಡು ಕಾಸು. ಮಾನಕ್ಕೆ ಅಂಜಿ ಬೇಡಲಾರದೆ ಮನೆಯೊಳಗೇ ಹಸಿದಿರುವವರಿಗೆ ಗುಟ್ಟಾಗಿ ನೆರವು. ಕಾಯಿಲೆಯವರಿಗೆ ಊಟ, ಔಷಧ. ಇಷ್ಟೆಲ್ಲ ಆದ ಮೇಲೆ ವಾರದಲ್ಲಿ ಬೀದಿಯಲ್ಲಿ ಬೇಡಲು ಹೋದವರಿಗೆ ಆ ವಾರದ ಪಾಲು ಇಲ್ಲ. ನಕ್ಕಿದ್ದ ಜನರೇ ಈಗ ಹಣ, ಧಾನ್ಯ ತಂದುಕೊಟ್ಟರು. ಕೊನೆಗೆ ಅವರನ್ನು ಮೆರವಣಿಗೆಯಲ್ಲಿ ಕಳಿಸುವ ಮಾತು ನಡೆದಾಗ ವಿನ್ಸೆಂಟರು ಯಾರಿಗೂ ಹೇಳದೆ ಊರು ಬಿಟ್ಟರು.

ಅವರು ಬೇಡಬೇಡಿ ಎಂದು ಹೇಳಿದ್ದು ಬೇಡುವ ಅಗತ್ಯವನ್ನು ಮೊದಲು ತೆಗೆದ ಮೇಲೆ. ಪಟ್ಟಿ ಮಾಡಿದ್ದು ಹಿಡಿಯುವುದಕ್ಕಲ್ಲ, ಯಾರೂ ತಪ್ಪಿಹೋಗದಿರಲೆಂದು.

ಕೊಡುವುದೋ ಬಿಡುವುದೋ ಎಂಬ ಪ್ರಶ್ನೆ ಅವರ ಸ್ವಂತ ಮನೆಗೂ ಬಂದಿತು. 1623ರ ಸುಮಾರಿಗೆ ಅವರು ಬಹಳ ವರ್ಷಗಳ ಮೇಲೆ ಪುಯಿಗೆ ಹೋದರು. ಅಣ್ಣತಮ್ಮಂದಿರು ಬಡತನದಲ್ಲಿದ್ದರು. ಬಡವರಿಗೆಂದು ತಮ್ಮ ಕೈಗೆ ಬರುವ ಹಣ ಮನೆಯವರದಲ್ಲ, ಅದನ್ನು ನಿರೀಕ್ಷಿಸಬೇಡಿ ಎಂದು ಅವರಿಗೆ ತಿಳಿಹೇಳಿದರು. ಆದರೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅತ್ತರು. ಮನೆಯವರನ್ನು ಹೇಗಾದರೂ ಮೇಲೆತ್ತಬೇಕೆಂಬ ಆಸೆ ಮೂರು ತಿಂಗಳು ಅವರನ್ನು ಕಾಡಿತು. ಅದು ಬಿಡುವವರೆಗೆ ಪ್ರಾರ್ಥಿಸಿದರು. ಮುಂದೊಂದು ದಿನ ಅವರ ಸೋದರ ಸಂಬಂಧದ ಹುಡುಗನೊಬ್ಬ ಹಳ್ಳಿಯ ಬಟ್ಟೆಯಲ್ಲೇ ಪ್ಯಾರಿಸ್ಸಿಗೆ ಬಂದ. ಯಾರೂ ನೋಡದಂತೆ ಒಳಗೆ ಕರೆತರಲು ಹೇಳೋಣವೆಂದು ಅವರಿಗೆ ಒಂದು ಕ್ಷಣ ಅನ್ನಿಸಿತು. ಹಳೆಯ ನಾಚಿಕೆ ಮತ್ತೆ ತಲೆಯೆತ್ತಿತ್ತು. ಆದರೆ ಈ ಸಲ ಅವರು ತಾವೇ ಬೀದಿಗಿಳಿದು ಹುಡುಗನನ್ನು ಅಪ್ಪಿಕೊಂಡು, ಕೈಹಿಡಿದು ಒಳಗೆ ಕರೆತಂದು, ಬಂದಿದ್ದ ದೊಡ್ಡವರಿಗೆಲ್ಲ ಪರಿಚಯಿಸಿದರು.

1625ರಲ್ಲಿ ಅವರು ಹಳ್ಳಿಗಳಲ್ಲಿ ಶುಭಸಂದೇಶ ಸಾರುವ ಗುರುಗಳ ಪ್ರೇಷಿತ ಸಭೆಯನ್ನು ಸ್ಥಾಪಿಸಿದರು. 1632ರಲ್ಲಿ ಪ್ಯಾರಿಸ್ಸಿನ ಸಂತ ಲಾಜರರ ಮಠ ಅವರ ಮನೆಯಾಯಿತು. 1633ರಲ್ಲಿ ಸಂತ ಲೂಯಿಸ್ ದೆ ಮರಿಯಾಕ್ ಅವರ ಜೊತೆಗೂಡಿ ದಯಾಸೇವಾ ಪುತ್ರಿಯರ ಸಭೆ ಆರಂಭವಾಯಿತು. ಇವರು ಮಠದ ಗೋಡೆಯೊಳಗೆ ಇರದೆ ಬೀದಿಬೀದಿ ಸುತ್ತಿ ಬಡವರ ಮನೆಗೇ ಹೋಗುವ ಸಹೋದರಿಯರು. ಅವರಲ್ಲಿ ಮೊದಲನೆಯವಳೆಂದು ಎಣಿಸುವ ಮಾರ್ಗರೀಟ್ ನಾಸೋ ದನ ಕಾಯುತ್ತಿದ್ದ ಹಳ್ಳಿಯ ಹುಡುಗಿ. ದಾರಿಯಲ್ಲಿ ಹೋಗುವವರನ್ನು ಕೇಳಿ ಕೇಳಿ ಅಕ್ಷರ ಕಲಿತವಳು. ಪ್ಲೇಗ್ ತಗುಲಿದ ಹೆಂಗಸಿಗೆ ತನ್ನ ಹಾಸಿಗೆ ಕೊಟ್ಟು, ಅದೇ ರೋಗದಿಂದ 1633ರಲ್ಲಿ ತೀರಿಕೊಂಡಳು.

ಅದು ಯುದ್ಧದ ಕಾಲ. ಲೊರೇನ್ ಪ್ರಾಂತ್ಯದಲ್ಲಿ ಜನ ಹುಲ್ಲು ಬೇರು ತಿಂದು ಸಾಯುತ್ತಿದ್ದರು. 1639ರಿಂದ ವಿನ್ಸೆಂಟರು ಅಲ್ಲಿಗೆ ನೆರವು ಕಳಿಸತೊಡಗಿದರು. ಹಣ ಒಯ್ಯುತ್ತಿದ್ದವರು ಮ್ಯಾಥ್ಯೂ ರೆನ್ಯಾರ್ ಎಂಬ ಸಹೋದರ. ದಾರಿಯ ತುಂಬ ಸೈನಿಕರು, ದರೋಡೆಕೋರರು. ಅವರು ಹರಕು ಬಟ್ಟೆ ತೊಟ್ಟು, ಹಳೆಯ ಜೋಳಿಗೆಯಲ್ಲಿ ಸಾವಿರಾರು ಲಿವ್ರ್ ಹಣ ಇಟ್ಟುಕೊಂಡು ಐವತ್ತಕ್ಕೂ ಹೆಚ್ಚು ಬಾರಿ ಹೋಗಿ ಬಂದರು; ಒಮ್ಮೆಯೂ ಹಣ ಕಳೆದುಕೊಳ್ಳಲಿಲ್ಲ. ಭಿಕ್ಷುಕನ ಜೋಳಿಗೆಯಲ್ಲಿ ಏನಿದೆಯೆಂದು ಯಾರೂ ನೋಡಲಿಲ್ಲ!

ಪ್ಯಾರಿಸ್ಸಿನಲ್ಲೇ ಅಂತರ್ಯುದ್ಧ ಎದ್ದಾಗ, 1652ರಲ್ಲಿ, ವಿನ್ಸೆಂಟರ ಸಹಾಯಕರು ದಿನವೂ ಸುಮಾರು 15,000 ಬಡವರಿಗೆ ಗಂಜಿ ಹಂಚುತ್ತಿದ್ದರು. ಅಂಥ ಹೊತ್ತಿನಲ್ಲಿ ನೀನು ಯಾರು, ಯೋಗ್ಯನೋ ಎಂಬ ವಿಚಾರಣೆ ಇರಲಿಲ್ಲ. ಆದರೆ ಯುದ್ಧದಲ್ಲಿ ಹಾಳಾದ ಪ್ರಾಂತ್ಯಗಳಲ್ಲಿ ಜನ ಚೇತರಿಸಿಕೊಳ್ಳುತ್ತಿದ್ದಂತೆ ಕ್ರಮ ಬದಲಾಯಿತು. ದುಡಿಯುವ ಶಕ್ತಿ ಬಂದ ಗಂಡಸರಿಗೆ ಬಿತ್ತನೆಯ ಬೀಜ, ಕೊಡಲಿ ಮುಂತಾದ ಉಪಕರಣ. ಹೆಂಗಸರಿಗೆ ನೂಲುವ ರಾಟೆ. ದಾನದ ಊಟವನ್ನು ದುಡಿಯಲಾಗದ ಮುದುಕರಿಗೆ, ಅನಾಥರಿಗೆ, ಕಾಯಿಲೆಯವರಿಗೆ ಉಳಿಸಬೇಕೆಂದು ಅವರು ತಮ್ಮವರಿಗೆ ಬರೆಯುತ್ತಿದ್ದರು.

1653ರಲ್ಲಿ ಪ್ಯಾರಿಸ್ಸಿನ ಒಬ್ಬ ವರ್ತಕ ತನ್ನ ಹೆಸರು ಹೇಳಬಾರದೆಂದು ಕೇಳಿಕೊಂಡು 1,00,000 ಲಿವ್ರ್ ತಂದುಕೊಟ್ಟ. ವಿನ್ಸೆಂಟರು ಅದರಲ್ಲಿ ಯೇಸುನಾಮದ ಆಶ್ರಮ ತೆರೆದು, 20 ಗಂಡಸರು 20 ಹೆಂಗಸರಂತೆ ನಲವತ್ತು ಮಂದಿ ಬಡ ಮುದಿ ಕೈಕಸುಬಿನವರಿಗೆ ಇರಲು ಜಾಗ, ಊಟ, ಜೊತೆಗೆ ಅವರ ಶಕ್ತಿಗೆ ತಕ್ಕ ನೇಯ್ಗೆಯಂಥ ಕೆಲಸ ಕೊಟ್ಟರು. ಅಲ್ಲಿನ ಶಾಂತಿಯನ್ನು ಕಂಡ ಶ್ರೀಮಂತ ಮಹಿಳೆಯರಿಗೆ ಒಂದು ದೊಡ್ಡ ಆಲೋಚನೆ ಬಂದಿತು: ಪ್ಯಾರಿಸ್ಸಿನ ಎಲ್ಲ ಭಿಕ್ಷುಕರಿಗೂ ಹೀಗೆಯೇ ಮಾಡಬಾರದೇಕೆ? ಅವರು ಹಣ ಕೂಡಿಸಿದರು. ಮದ್ದಿನ ಉಪ್ಪು ತಯಾರಿಸುತ್ತಿದ್ದ ಸಾಲ್ಪೆಟ್ರಿಯೇರ್ ಎಂಬ ವಿಶಾಲ ಜಾಗವನ್ನು ರಾಣಿಯಿಂದ ಪಡೆದರು. ಭಿಕ್ಷುಕರು ತಾವಾಗಿ ಬರದಿದ್ದರೆ ಬಲವಂತದಿಂದ ತರಬೇಕೆಂದರು.

ವಿನ್ಸೆಂಟರಿಗೆ ಆಗ ಎಪ್ಪತ್ತು ದಾಟಿತ್ತು. ಅವರು ಆತುರ ಬೇಡವೆಂದರು. ನೂರಿನ್ನೂರು ಜನರಿಂದ ಆರಂಭಿಸೋಣ, ಇಷ್ಟವಿದ್ದವರು ಮಾತ್ರ ಬರಲಿ. ಅವರು ಸುಖವಾಗಿರುವುದನ್ನು ನೋಡಿ ಇತರರೂ ಬರುತ್ತಾರೆ ಎಂಬುದು ಅವರ ಸಲಹೆ. ದೇವರ ಕೆಲಸಗಳು ಮೆಲ್ಲಮೆಲ್ಲನೆ ಬೆಳೆಯುತ್ತವೆ, ಬಲವಂತ ಅವುಗಳಿಗೆ ಒಗ್ಗದು ಎಂದು ಅವರು ನಂಬಿದ್ದರು. ಅಷ್ಟರಲ್ಲಿ ಸರ್ಕಾರ ಈ ಯೋಜನೆಯನ್ನು ಕೈಗೆತ್ತಿಕೊಂಡಿತು. 1656ರ ಏಪ್ರಿಲ್‌ನಲ್ಲಿ ರಾಜಾಜ್ಞೆ ಹೊರಟಿತು. ಪ್ಯಾರಿಸ್ಸಿನಲ್ಲಿ ಭಿಕ್ಷೆ ಬೇಡುವುದು ಅಪರಾಧ, ಬೀದಿಯಲ್ಲಿ ಭಿಕ್ಷೆ ಕೊಡುವುದೂ ತಪ್ಪು. ಭಿಕ್ಷುಕರೆಲ್ಲ ಹೊಸ ಸಾರ್ವಜನಿಕ ಆಶ್ರಯಕ್ಕೆ ಸೇರಬೇಕು. 1657ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು, ಬೀದಿಗಳಲ್ಲಿ ಭಟರು ಭಿಕ್ಷುಕರನ್ನು ಹಿಡಿಯತೊಡಗಿದರು. ನಗರದಲ್ಲಿ ಆಗ 40,000 ಭಿಕ್ಷುಕರಿದ್ದರೆಂದು ಅಂದಾಜು ಮಾಡಿದ್ದರು. ಒಳಗೆ ಹೋದವರು ನಾಲ್ಕೈದು ಸಾವಿರ. ಉಳಿದವರಲ್ಲಿ ಬಹಳ ಮಂದಿ ಊರು ಬಿಟ್ಟು ಓಡಿದರು.

ವಿನ್ಸೆಂಟರು ಈ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಲಿಲ್ಲ. ಬಡವರಿಗೆ ಊಟ, ಕೆಲಸ, ಜ್ಞಾನೋಪದೇಶ ಸಿಗುತ್ತದೆಂಬ ಒಳಿತನ್ನೂ ಅದರಲ್ಲಿ ಕಂಡರು. ಆದರೆ ಅಲ್ಲಿನ ಆಧ್ಯಾತ್ಮಿಕ ಹೊಣೆಯನ್ನು ರಾಜಾಜ್ಞೆ ಅವರ ಗುರುಗಳಿಗೇ ವಹಿಸಿದಾಗ, ತಮ್ಮವರೊಂದಿಗೆ ಆಲೋಚಿಸಿ ಅದನ್ನು ಒಪ್ಪಿಕೊಳ್ಳಲಿಲ್ಲ. ಅವರ ಗೆಳೆಯರಾದ ಲೂಯಿ ಅಬೆಲ್ಲಿ ಎಂಬ ಗುರುಗಳು ಕೆಲಕಾಲ ಆ ಹೊಣೆ ಹೊತ್ತರು. ವಿನ್ಸೆಂಟರ ಮೊದಲ ಜೀವನ ಚರಿತ್ರೆಯನ್ನು 1664ರಲ್ಲಿ ಬರೆದವರೂ ಇವರೇ.

ಸಂತ ಲಾಜರರ ಮಠದ ಬಾಗಿಲಲ್ಲಿ ಬಹಳ ವರ್ಷಗಳಿಂದ ಬಡವರಿಗೆ ರೊಟ್ಟಿ, ಗಂಜಿ ಕೊಡುತ್ತಿದ್ದರು. ಆಜ್ಞೆಯಿಂದಾಗಿ ಅದು ನಿಂತಿತು. ಬಡವರು ಬಂದು, ದಾನ ಮಾಡಬೇಕೆಂದು ದೇವರೇ ಹೇಳಿಲ್ಲವೇ ಎಂದು ಅವರನ್ನು ಕೇಳಿದರು. ಅಧಿಕಾರಿಗಳಿಗೆ ವಿಧೇಯರಾಗಬೇಕೆಂದೂ ಹೇಳಿದ್ದಾನೆ ಎಂದು ಅವರು ಉತ್ತರಿಸಿದರು. ಆ ಉತ್ತರ ಅವರಿಗೇ ಎಷ್ಟು ಭಾರವಾಗಿತ್ತೋ! ಕಠಿಣ ಚಳಿ ಬಂದು ಎಷ್ಟೋ ಕುಟುಂಬಗಳು ಕಂಗೆಟ್ಟಾಗ, ಅದೇ ಬಾಗಿಲಲ್ಲಿ ಮತ್ತೆ ದಿನವೂ ರೊಟ್ಟಿ, ಗಂಜಿ ಹಂಚಿಸಿದರು. ಮಠದ ಊಟದ ಮನೆಯಲ್ಲಂತೂ ದಿನವೂ ಇಬ್ಬರು ಬಡ ಮುದುಕರು ಅವರ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದರು. ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದುದು ಆ ಇಬ್ಬರಿಗೆ.

1660ರ ಮಾರ್ಚ್‌ನಲ್ಲಿ ಲೂಯಿಸ್ ದೆ ಮರಿಯಾಕ್ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 27ರ ಬೆಳಗಿನ ಜಾವ, ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ವಿನ್ಸೆಂಟರು ಪ್ರಭುವನ್ನು ಸೇರಿದರು. 1737ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1833ರಲ್ಲಿ ಪ್ಯಾರಿಸ್ಸಿನ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಝನಾಂ ಗೆಳೆಯರ ಜೊತೆ ಬಡವರ ಮನೆಗೆ ಹೋಗುವ ಸಣ್ಣ ಕೂಟವೊಂದನ್ನು ಕಟ್ಟಿದರು. ದಾರಿ ತೋರಿಸಿದವರು ದಯಾಸೇವಾ ಪುತ್ರಿಯರಲ್ಲಿ ಒಬ್ಬರಾದ ಸಹೋದರಿ ರೊಸಾಲಿ. ಇಂದಿನ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಹುಟ್ಟಿದ್ದು ಆ ಕೂಟದಿಂದ.

ಹಾಗಾದರೆ ಮೆಟ್ಟಿಲಲ್ಲಿ ಕುಳಿತವರಿಗೆ ನಾವು ಕೊಡಬೇಕೇ? ಈ ಸಂತರ ಬಾಳು ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಹಸಿವು ಕಣ್ಣೆದುರು ನಿಂತಾಗ ಅವರು ಮೊದಲು ಕೊಟ್ಟರು, ಲೆಕ್ಕವನ್ನು ಆಮೇಲೆ ಮಾಡಿದರು. ದುಡಿಯಬಲ್ಲವನಿಗೆ ಕಾಸಿಗಿಂತ ಕೊಡಲಿ ಒಳ್ಳೆಯದೆಂದರು. ಒಬ್ಬರ ದಯೆ ಒಂದು ದಿನಕ್ಕೆ ಮುಗಿಯುತ್ತದೆ, ಹಲವರು ಕೂಡಿ ಸರದಿ ಹಾಕಿದರೆ ವರ್ಷವಿಡೀ ನಡೆಯುತ್ತದೆಂದು ತೋರಿಸಿದರು. ಬೀದಿ ಚೊಕ್ಕಟವಾಗಲೆಂದು ಬಡವರನ್ನು ಹಿಡಿದು ಅಟ್ಟುವುದನ್ನು ಅವರ ಮನಸ್ಸು ಒಪ್ಪಲಿಲ್ಲ. ಕೊಟ್ಟಾಗಲೂ ಕೊಡದಾಗಲೂ ಎದುರಿನವನ ಹೆಸರು, ಊರು, ಸಂಕಟ ಕೇಳದೆ ಬಿಡಲಿಲ್ಲ.

ಮುಂದಿನ ಭಾನುವಾರ ನಾಣ್ಯ ಹಾಕುವವರು ಹಾಕಲಿ. ಮನಸ್ಸು ಒಪ್ಪದವರು ಒಂದು ತಿಂಡಿಯ ಪೊಟ್ಟಣ ತರಲಿ, ಇಲ್ಲವೇ ಆ ಹಣವನ್ನು ನಮ್ಮ ವಿನ್ಸೆಂಟ್ ಸಭೆಯ ಪೆಟ್ಟಿಗೆಗೆ ಹಾಕಲಿ. ಆದರೆ ಎಲ್ಲರೂ ಒಂದು ಕೆಲಸ ಮಾಡಬಹುದು: ಒಂದು ನಿಮಿಷ ನಿಂತು ಅವರ ಹೆಸರು ಕೇಳಬಹುದು. ನಮ್ಮ ಭಾಷೆ ಅವರಿಗೆ ಬಾರದಿದ್ದರೆ ಅವರ ಭಾಷೆ ಬಲ್ಲವರೊಬ್ಬರು ನಮ್ಮ ಪಕ್ಕದ ಸಾಲಿನಲ್ಲೇ ಪೂಜೆಗೆ ಬಂದಿರುತ್ತಾರೆ, ಅವರನ್ನು ಕರೆಯಬಹುದು. ಮಾಕೋಂ ಪಟ್ಟಣದ ಆ ಪಟ್ಟಿಯೂ ಹೀಗೆಯೇ ಒಂದು ಹೆಸರಿನಿಂದ ಆರಂಭವಾಗಿತ್ತು.

ಸಂತ ವಿನ್ಸೆಂಟ್ ದೆ ಪಾಲರೇ, ನಮಗಾಗಿಯೂ ನಮ್ಮ ಬಾಗಿಲಲ್ಲಿ ನಿಂತವರಿಗಾಗಿಯೂ ಪ್ರಾರ್ಥಿಸಿರಿ.